ಬಿಸಿಲೂರಿನಲ್ಲಿ ಓವರ್‌ಕ್ಲಾಕಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಓವರ್‌ಕ್ಲಾಕಿಂಗ್ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ತಂಪು ದೇಶದಲ್ಲೋ ಎಸಿ ಕೆಳಗೋ ಕೂತು ಹೇಳಿದವು. ವಿಜಯಪುರ, ಬಾಗಲಕೋಟೆ ಕಡೆ ಏಪ್ರಿಲ್, ಮೇ ಹೊತ್ತಿಗೆ ಹೊರಗಿನ ಬಿಸಿಲು 40 ಡಿಗ್ರಿ ದಾಟುತ್ತದೆ; ಪತ್ರಾಸಿನ ಕೆಳಗಿನ ಕೋಣೆಯ ಮಾತಂತೂ ಬೇರೆಯೇ. ಬೆಳಗಾವಿಯವರು ಈ ವಿಷಯದಲ್ಲಿ ಸ್ವಲ್ಪ ಪುಣ್ಯವಂತರು. ಕೆಳಗಿನ ಉತ್ತರಗಳಲ್ಲಿರುವ ಅಂಕಿಗಳೆಲ್ಲ ಈ ಸೆಕೆಯನ್ನು ಲೆಕ್ಕಕ್ಕೆ ಹಿಡಿದವು.

ಓವರ್‌ಕ್ಲಾಕಿಂಗ್ ಅಂದ್ರ ಏನ್ರಿ? ಗಾಡಿಗೆ ರೇಸ್ ಕೊಟ್ಟಂಗ ಏನು?

ರೇಸ್ ಕೊಡುವ ಕೆಲಸವನ್ನು ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್) ತಾನೇ ಮಾಡಿಕೊಳ್ಳುತ್ತದೆ. ಕೆಲಸ ಬಿದ್ದಾಗ ವೇಗ ಏರುತ್ತದೆ, ಸುಮ್ಮನೆ ಕೂತಾಗ ಇಳಿಯುತ್ತದೆ. ಎಲ್ಲಿಯವರೆಗೆ ಏರಬಹುದು ಎಂದು ಕಂಪನಿ ಎಳೆದ ಗೆರೆಯನ್ನು ನಾವು ಆಚೆ ಸರಿಸಿದರೆ ಅದು ಓವರ್‌ಕ್ಲಾಕಿಂಗ್. ವೇಗವೆಂದರೆ ಬೇಸ್ ಕ್ಲಾಕನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದ್ದು. ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್. ಮಲ್ಟಿಪ್ಲೈಯರ್ 46 ಇದ್ದರೆ ವೇಗ 4600 ಮೆಗಾಹರ್ಟ್ಸ್, ಅಂದರೆ 4.6 ಗಿಗಾಹರ್ಟ್ಸ್. ನಾವು ಬದಲಿಸುವುದು ಮಲ್ಟಿಪ್ಲೈಯರ್ ಮಾತ್ರ. ಬೇಸ್ ಕ್ಲಾಕ್ ಮುಟ್ಟಿದರೆ ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಅದರ ಬಾಲ ಹಿಡಿದು ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡಿನ ದಾರಿಗಳ ವೇಗವೂ ಏರಿ ಡೇಟಾ ಕೆಡುತ್ತದೆ.

ಹಿಂದೆ ಕಂಪನಿಗಳು ಬಿಡುತ್ತಿದ್ದ ಅಂತರ ದೊಡ್ಡದಿತ್ತು. 1998ರ ಸೆಲೆರಾನ್ 300ಎ ಚಿಪ್ಪನ್ನು 66ರ ಬದಲು 100 ಮೆಗಾಹರ್ಟ್ಸ್ ಬಸ್‌ಗೆ ಹಾಕಿದರೆ 300 ಇದ್ದದ್ದು 450ಕ್ಕೆ ಓಡುತ್ತಿತ್ತು. ಈಗಿನ ಚಿಪ್ಪುಗಳ ಬೂಸ್ಟ್ ವ್ಯವಸ್ಥೆ ಆ ಅಂತರವನ್ನು ಮೊದಲೇ ನುಂಗಿರುತ್ತದೆ. ನಮಗೆ ಉಳಿಯುವುದು ತಟ್ಟೆಯ ಅಂಚಿನದು.

ನನ್ನ ಪ್ರೊಸೆಸರ್‌ಗೆ ಆಗುತ್ತದೆಯೇ?

ಇಂಟೆಲ್ ಆದರೆ ಹೆಸರಿನ ಕೊನೆಗೆ ‘ಕೆ’ ಅಕ್ಷರ ಇರಬೇಕು (12600ಕೆ, 13600ಕೆಎಫ್), ಬೋರ್ಡ್ ‘ಝಡ್’ ಸಾಲಿನದಾಗಿರಬೇಕು (ಝಡ್690, ಝಡ್790). ಬಿ660, ಬಿ760 ಬೋರ್ಡ್‌ಗಳಲ್ಲಿ ರ್‍ಯಾಮ್ ವೇಗ ಏರಿಸಬಹುದು, ಪ್ರೊಸೆಸರಿನ ಮಲ್ಟಿಪ್ಲೈಯರ್ ಏರಿಸಲಾಗದು. ಎಚ್610 ಬೋರ್ಡಿನಲ್ಲಿ ಎರಡೂ ಇಲ್ಲ.

ಎಎಂಡಿ ಇದರಲ್ಲಿ ಉದಾರಿ. ರೈಝನ್ ಡೆಸ್ಕ್‌ಟಾಪ್ ಚಿಪ್ಪುಗಳು ಬಹುತೇಕ ಎಲ್ಲ ತೆರೆದೇ ಬರುತ್ತವೆ. ಬೋರ್ಡ್ ಬಿ450, ಬಿ550, ಎಕ್ಸ್570, ಬಿ650 ಇಂಥದ್ದಿದ್ದರೆ ಸಾಕು. ಎ320, ಎ520, ಎ620 ಬೋರ್ಡ್‌ಗಳಲ್ಲಿ ಬಾಗಿಲು ಮುಚ್ಚಿದೆ. 2022ರ 5800ಎಕ್ಸ್3ಡಿ ಚಿಪ್ಪಿನ ಮಲ್ಟಿಪ್ಲೈಯರ್‌ಗೂ ಬೀಗ ಹಾಕಿದ್ದಾರೆ: ಮೇಲೆ ಕೂರಿಸಿದ ಕ್ಯಾಶ್ (ಚಿಪ್ಪಿನದೇ ವೇಗದ ಮೆಮೊರಿ) ಪದರ ಹೆಚ್ಚು ವೋಲ್ಟೇಜ್ ತಾಳುವುದಿಲ್ಲ.

ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಬ್ರ್ಯಾಂಡೆಡ್ ಆಫೀಸ್ ಡಬ್ಬಿಗಳಲ್ಲಿ (ಐ5-4570, ಐ5-6500 ಇರುವಂಥವು) ಈ ಆಸೆ ಇಟ್ಟುಕೊಳ್ಳಬೇಡಿ. ಅವಕ್ಕೆ ಒಂದು ಎಸ್‌ಎಸ್‌ಡಿ, ಇನ್ನೊಂದು 8 ಜಿಬಿ ರ್‍ಯಾಮ್ ಹಾಕಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ನಿಜವಾಗಿ ಎಷ್ಟು ಲಾಭ?

ಟ್ಯಾಲಿ, ನುಡಿ, ಬ್ರೌಸರ್ ಕೆಲಸಕ್ಕೆ ಏನೂ ಇಲ್ಲ. ಮದುವೆ ವಿಡಿಯೋ ಎಡಿಟಿಂಗ್ ಮಾಡುವವರು ಎಕ್ಸ್‌ಪೋರ್ಟ್ ಒತ್ತಿದಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಲಿ. ಪ್ರೊಸೆಸರ್ ಶೇ 100ಕ್ಕೆ ಅಂಟಿಕೊಂಡಿದ್ದರೆ ಒಂದಿಷ್ಟು ನಿಮಿಷ ಉಳಿಯುತ್ತದೆ. ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ ದುಡಿಯುತ್ತಿದ್ದು ಪ್ರೊಸೆಸರ್ ಶೇ 40ರಲ್ಲಿ ತೂಕಡಿಸುತ್ತಿದ್ದರೆ ಓವರ್‌ಕ್ಲಾಕಿಂಗ್ ವ್ಯರ್ಥ. ಗೇಮ್ ಆಡುವವರಿಗೆ ಒಂದು ಪರೀಕ್ಷೆ: ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ. ಫ್ರೇಮ್ ಜಿಗಿದರೆ ತಡೆ ಗ್ರಾಫಿಕ್ಸ್ ಕಾರ್ಡಿನದು, ಪ್ರೊಸೆಸರ್ ಏರಿಸಿ ಉಪಯೋಗವಿಲ್ಲ. ಅಷ್ಟಕ್ಕಷ್ಟೇ ಇದ್ದರೆ ತಡೆ ಪ್ರೊಸೆಸರಿನದು, ಆಗ ಮುಂದಿನದನ್ನು ಓದಿ.

ಡಿಸೆಂಬರ್‌ನಾಗ ಚಲೋ ನಡೀತಿತ್ತು, ಏಪ್ರಿಲ್‌ನಾಗ ಬಂದ್ ಬೀಳಾಕತ್ತೈತಿ. ಯಾಕ್ರಿ?

ನಮ್ಮ ಕಡೆಯ ಮುಖ್ಯ ಪ್ರಶ್ನೆ ಇದೇ. ಕೂಲರ್ ಚಿಪ್ಪನ್ನು ಇಂತಿಷ್ಟು ಡಿಗ್ರಿಗೆ ಇಳಿಸುವ ಯಂತ್ರವಲ್ಲ. ಕೋಣೆಯ ಗಾಳಿಗಿಂತ ಚಿಪ್ ಎಷ್ಟು ಹೆಚ್ಚು ಬಿಸಿ ಇರುತ್ತದೆ ಎಂಬ ಅಂತರವನ್ನಷ್ಟೇ ಅದು ಕಾಯುತ್ತದೆ. ಡಿಸೆಂಬರಿನಲ್ಲಿ ಕೋಣೆ 22, ಪೂರ್ತಿ ಲೋಡಿನಲ್ಲಿ ಚಿಪ್ 74 ಎಂದುಕೊಳ್ಳಿ: ಅಂತರ 52. ಅದೇ ಕೂಲರ್, ಅದೇ ಸೆಟ್ಟಿಂಗ್, ಮೇ ತಿಂಗಳ ಮಧ್ಯಾಹ್ನ ಕೋಣೆ 41 ಇದ್ದರೆ 41ಕ್ಕೆ 52 ಕೂಡಿ 93. ರೈಝನ್ 5 5600ರ ಮಿತಿ 90 ಡಿಗ್ರಿ. ಅಲ್ಲಿಗೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ನೀವು ಕಷ್ಟಪಟ್ಟು ಏರಿಸಿದ್ದೆಲ್ಲ ಹೋಯಿತು. ಬಂದ್ ಬೀಳುವುದಕ್ಕೆ ಇನ್ನೊಂದು ಕಾರಣವಿದೆ. ಬಿಸಿ ಏರಿದಂತೆ ಅದೇ ವೇಗಕ್ಕೆ ಚಿಪ್ ಸ್ವಲ್ಪ ಹೆಚ್ಚು ವೋಲ್ಟೇಜ್ ಬೇಡುತ್ತದೆ. ಚಳಿಗಾಲದಲ್ಲಿ ಸಾಕಾಗಿದ್ದ ವೋಲ್ಟೇಜ್ ಬೇಸಿಗೆಯಲ್ಲಿ ಕೂದಲೆಳೆಯಷ್ಟು ಕಡಿಮೆ ಬಿದ್ದರೂ ಕ್ರ್ಯಾಶ್.

ಹಾಗಂತ ವೋಲ್ಟೇಜ್ ಏರಿಸಿದರೆ? ಚಿಪ್ ಕುಡಿಯುವ ವಿದ್ಯುತ್ತು ವೇಗಕ್ಕೆ ತಕ್ಕಂತೆಯೂ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗ ಶೇ 10, ವೋಲ್ಟೇಜ್ ಶೇ 10 ಏರಿಸಿದರೆ 1.1 × 1.1 × 1.1, ಅಂದರೆ 1.33. 100 ವ್ಯಾಟ್ ಇದ್ದದ್ದು 133. ಹತ್ತು ಪೈಸೆ ಕೆಲಸಕ್ಕೆ ಮೂವತ್ತಮೂರು ಪೈಸೆ ಬಿಸಿ. ಹೀಗಾಗಿ ಈ ಮೂರು ಜಿಲ್ಲೆಗಳಲ್ಲಿ ವೋಲ್ಟೇಜ್ ಏರಿಸಿ ವೇಗ ಹಿಡಿಯುವುದಕ್ಕಿಂತ ವೋಲ್ಟೇಜ್ ಇಳಿಸಿ ವೇಗ ಪಡೆಯುವ ದಾರಿಯೇ ಚಲೋ ಎಂಬುದು ನಮ್ಮ ಅಭಿಪ್ರಾಯ. ಅದರ ಕ್ರಮ ಮುಂದೆ ಇದೆ.

ಶುರು ಮಾಡುವ ಮೊದಲು ಏನೇನು ಬೇಕು?

ಡಬ್ಬಿಯ ಜೊತೆ ಬರುವ ಸಣ್ಣ ಕೂಲರ್ ಸಾಲದು. 120 ಮಿಮೀ ಫ್ಯಾನ್, 4 ಹೀಟ್‌ಪೈಪ್ ಇರುವ ಟವರ್ ಕೂಲರ್ ತನ್ನಿ. ಇವುಗಳ ಎತ್ತರ ಸಾಮಾನ್ಯವಾಗಿ 150ರಿಂದ 160 ಮಿಮೀ. ಹುಬ್ಬಳ್ಳಿಯಿಂದಲೋ ಸೊಲ್ಲಾಪುರದಿಂದಲೋ ತರಿಸುವ ಮೊದಲು ಕ್ಯಾಬಿನೆಟ್‌ನಲ್ಲಿ ಜಾಗ ಅಳೆಯಿರಿ, ಬಾಗಿಲು ಮುಚ್ಚದಿದ್ದರೆ ವಾಪಸ್ ಮಾಡುವ ತಲೆನೋವು ನಿಮ್ಮದೇ. ಕ್ಯಾಬಿನೆಟ್‌ಗೆ ಮುಂದಿನಿಂದ ಎರಡು ಫ್ಯಾನ್ ಒಳಗೆ, ಹಿಂದಿನಿಂದ ಒಂದು ಹೊರಗೆ. ಒಳಬರುವ ಗಾಳಿ ಹೆಚ್ಚಿದ್ದರೆ ಸಂದಿಗಳಿಂದ ಧೂಳು ನುಗ್ಗುವುದು ಕಡಿಮೆ. ಮುಂದಿನ ಫ್ಯಾನ್‌ಗೆ ಜಾಳಿಗೆ ಇರಲಿ. ಎರಿ ಹೊಲದ ಧೂಳು ನುಣುಪು, ಇಳಕಲ್ ಕಡೆಯ ಗ್ರಾನೈಟ್ ಪುಡಿ ಇನ್ನೂ ನುಣುಪು. ಸುಗ್ಗಿಯಿಂದ ಮಳೆ ಬೀಳುವವರೆಗೆ ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಬೇಕು. ಬ್ಲೋವರ್ ಹಿಡಿದಾಗ ಫ್ಯಾನ್ ರೆಕ್ಕೆ ಗಿರಗಿರ ತಿರುಗದಂತೆ ಬೆರಳಿನಿಂದ ಒತ್ತಿ ಹಿಡಿಯಿರಿ, ಇಲ್ಲವಾದರೆ ಬೇರಿಂಗ್ ಹೋಗುತ್ತದೆ.

ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ವಿಷಯದಲ್ಲಿ ಕಂಜೂಸಿ ಬೇಡ. ಅದರ ದಕ್ಷತೆ ಅಳೆಯುವ 80 ಪ್ಲಸ್ ಪರೀಕ್ಷೆ ನಡೆಯುವುದು 23 ಡಿಗ್ರಿ ಆಸುಪಾಸಿನಲ್ಲಿ, ನಿಮ್ಮ ಕೋಣೆಯಲ್ಲಲ್ಲ. ಲೆಕ್ಕಕ್ಕೆ 400 ವ್ಯಾಟ್ ಬಂದರೆ 550 ಅಥವಾ 650 ಹಾಕಿ.

ಹಳೆ ಕೂಲರ್ ಬಿಚ್ಚುವಾಗ ಪ್ರೊಸೆಸರ್ ಕೂಡ ಕಿತ್ತುಕೊಂಡು ಬಂತು!

ಎಎಂ4 ಸಾಕೆಟ್‌ನಲ್ಲಿ (5600ರಂಥ ರೈಝನ್ ಚಿಪ್ ಕೂರುವ ಜಾಗ) ಇದು ಮಾಮೂಲು. ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸಲು ನಡುವೆ ಹಚ್ಚಿದ ಪೇಸ್ಟ್ ಒಣಗಿ ಕೂಲರನ್ನೂ ಚಿಪ್ಪನ್ನೂ ಅಂಟಿನಂತೆ ಹಿಡಿದಿರುತ್ತದೆ. ಸಾಕೆಟ್ ಚಿಪ್ಪಿನ ಪಿನ್ನುಗಳನ್ನು ಬಿಗಿ ಹಿಡಿದಿದ್ದರೂ ಮೇಲಿನಿಂದ ಒತ್ತಿ ಹಿಡಿಯುವ ಚೌಕಟ್ಟು ಅದಕ್ಕಿಲ್ಲ. ನೇರ ಮೇಲಕ್ಕೆ ಎಳೆದರೆ ಚಿಪ್ಪೂ ಬರುತ್ತದೆ, ಪಿನ್ ಬಾಗುತ್ತವೆ.

ತಪ್ಪಿಸುವುದು ಹೀಗೆ: ಬಿಚ್ಚುವ ಮೊದಲು ಕಂಪ್ಯೂಟರನ್ನು ಹತ್ತು ನಿಮಿಷ ಲೋಡಿನಲ್ಲಿ ಓಡಿಸಿ, ಪೇಸ್ಟ್ ಬೆಚ್ಚಗಾಗಿ ಮೆತ್ತಗಾಗುತ್ತದೆ. ಬಂದ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಅಥವಾ ಕ್ಲಿಪ್ ಬಿಚ್ಚಿ, ಕೂಲರನ್ನು ಬರಣಿಯ ಮುಚ್ಚಳ ತಿರುಗಿಸಿದಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನಿಧಾನ ತಿರುಗಿಸಿ. ಹಿಡಿತ ಬಿಟ್ಟ ಮೇಲಷ್ಟೇ ಎತ್ತಬೇಕು. ಪಿನ್ ಬಾಗಿದ್ದರೆ ಖಾಲಿ ಲೆಡ್ ಪೆನ್ಸಿಲ್ಲಿನ (0.7 ಮಿಮೀ) ಲೋಹದ ತುದಿಯನ್ನು ಪಿನ್ ಮೇಲೆ ತೂರಿಸಿ ನೆಟ್ಟಗೆ ಮಾಡಬಹುದು. ಒಂದೇ ಸಲಕ್ಕೆ ಬಾಗಿಸಲು ಹೋದರೆ ಮುರಿಯುತ್ತದೆ.

ಹೊಸ ಪೇಸ್ಟ್ ಒಂದು ತೊಗರಿ ಕಾಳಿನಷ್ಟು, ನಟ್ಟ ನಡುವೆ. ಬೆರಳಿನಿಂದ ಬಳಿಯುವುದು ಬೇಡ, ಕೂಲರಿನ ಒತ್ತಡವೇ ಹರಡುತ್ತದೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿರಬೇಕು. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಎರಡೆರಡು ಸುತ್ತು ಬಿಗಿಯುತ್ತ ಹೋಗಿ. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ? ನಗಬೇಡಿ, ‘ಹೊಸ ಕೂಲರ್ ಹಾಕಿದರೂ 95 ಡಿಗ್ರಿ’ ಎಂಬ ದೂರಿನ ಹಿಂದೆ ಈ ಹಾಳೆ ಎಷ್ಟೋ ಸಲ ಇರುತ್ತದೆ.

ಹೆಚ್ಚು ಅಪಾಯವಿಲ್ಲದೆ ಸಿಗುವ ವೇಗ ಏನಾದರೂ ಇದೆಯೇ?

ಇದೆ, ರ್‍ಯಾಮ್. 3200ರ ಡಿಡಿಆರ್4 ಕಡ್ಡಿ ತಂದು ಹಾಕಿದವರಲ್ಲಿ ಬಹಳ ಜನರದ್ದು 2133, 2400 ಅಥವಾ 2666ರಲ್ಲೇ ಓಡುತ್ತಿರುತ್ತದೆ. ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟಕ್ಕೆ, ಅಂದರೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ (ಕೆಲವು ಬೋರ್ಡಿನಲ್ಲಿ ಡಿಓಸಿಪಿ, ಡಿಡಿಆರ್5ರ ಎಎಂಡಿ ಬೋರ್ಡಿನಲ್ಲಿ ಎಕ್ಸ್‌ಪೋ) ಆನ್ ಮಾಡಿ. ಎರಡು ಕಡ್ಡಿ ಇದ್ದು ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರಿನಿಂದ ಎಣಿಸಿ 2 ಮತ್ತು 4ನೆಯದಕ್ಕೆ ಹಾಕಿ. ಸಿಪಿಯು-ಝಡ್ 1600 ತೋರಿಸಿದರೆ ಗಾಬರಿ ಬೇಡ, ಡಿಡಿಆರ್ ಎಂದರೆ ಅದರ ಎರಡು ಪಟ್ಟು. ಎಎಂ5 (ಎಎಂ4ರ ನಂತರದ ಸಾಕೆಟ್) ಬೋರ್ಡ್ ಇರುವವರು ಎಕ್ಸ್‌ಪೋ ಹಾಕುವ ಮೊದಲು ಬಯೋಸ್ ಹೊಸದು ಮಾಡಿಕೊಳ್ಳಲೇಬೇಕು: 2023ರಲ್ಲಿ ಕೆಲವು ಚಿಪ್ಪುಗಳು ಸುಟ್ಟ ಮೇಲೆ ಎಎಂಡಿ, ಚಿಪ್ಪಿನ ಮೆಮೊರಿ ನಿಯಂತ್ರಕದ ಭಾಗಕ್ಕೆ ಹೋಗುವ ಎಸ್‌ಓಸಿ ವೋಲ್ಟೇಜ್‌ಗೆ 1.3 ವೋಲ್ಟಿನ ಮಿತಿ ಹಾಕಿದೆ, ಹಳೆಯ ಬಯೋಸ್‌ನಲ್ಲಿ ಅದಿಲ್ಲ.

ರೈಝನ್ 5 5600 ಇದೆ, ಬಿ550 ಬೋರ್ಡ್. ಹಂತ ಹಂತವಾಗಿ ಹೇಳಿ.

ಮೊದಲು ಏನನ್ನೂ ಮುಟ್ಟದೆ ಸಿನಿಬೆಂಚ್ ಆರ್23 (ಪ್ರೊಸೆಸರ್ ವೇಗ ಅಳೆಯುವ ತಂತ್ರಾಂಶ) ಹತ್ತು ನಿಮಿಷ ಓಡಿಸಿ, ಸ್ಕೋರು, ತಾಪಮಾನ, ಕೋಣೆಯ ತಾಪಮಾನ ಮೂರನ್ನೂ ಚೀಟಿಯಲ್ಲಿ ಬರೆದಿಡಿ. ತಾಪಮಾನ ನೋಡಲು ಎಚ್‌ಡಬ್ಲ್ಯುಇನ್ಫೋ ಸಾಕು. ಈ ಚೀಟಿ ಇಲ್ಲದೆ ಮುಂದೆ ಹೋದವರಿಗೆ ವೇಗ ಏರಿತೋ ಇಳಿಯಿತೋ ಗೊತ್ತೇ ಆಗುವುದಿಲ್ಲ.

ಎಲ್ಲ ಕೋರಿಗೂ (ಚಿಪ್ಪಿನೊಳಗೆ ಬೇರೆ ಬೇರೆ ದುಡಿಯುವ ಘಟಕ) 4.5 ಗಿಗಾಹರ್ಟ್ಸ್ ಬರುವಂತೆ ಒಂದೇ ಮಲ್ಟಿಪ್ಲೈಯರ್ ಜಡಿಯುವ ಹಳೆ ಪದ್ಧತಿ ಬೇಡ. ಹಾಗೆ ಮಾಡಿದರೆ ಒಂದೆರಡು ಕೋರು ಮಾತ್ರ ದುಡಿಯುವಾಗ ಇನ್ನೂ ಮೇಲೆ ಏರುವ ದಾರಿ ಮುಚ್ಚುತ್ತದೆ, ಸುಮ್ಮನೆ ಕೂತಾಗಲೂ ವೋಲ್ಟೇಜ್ ಇಳಿಯುವುದಿಲ್ಲ. ಬದಲಿಗೆ ಡಿಲೀಟ್ ಕೀ ಒತ್ತಿ ಬಯೋಸ್‌ಗೆ ಹೋಗಿ. ಅಡ್ವಾನ್ಸ್‌ಡ್, ಎಎಂಡಿ ಓವರ್‌ಕ್ಲಾಕಿಂಗ್, ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ (ಪಿಬಿಓ). ಅದನ್ನು ಅಡ್ವಾನ್ಸ್‌ಡ್ ಎಂದು ಬದಲಿಸಿ. ಕಂಪನಿಯ ಪಿಪಿಟಿ (ಚಿಪ್ ಎಳೆಯಬಹುದಾದ ವಿದ್ಯುತ್ತು) ಮಿತಿ 76 ವ್ಯಾಟ್. ಟವರ್ ಕೂಲರ್ ಇದ್ದರೆ 95ರವರೆಗೆ ಕೊಡಿ, ಅದಕ್ಕಿಂತ ಮೇಲೆ ಕೊಟ್ಟದ್ದು ಬರೀ ಬಿಸಿ. ಸ್ಕೇಲರ್ ಮುಟ್ಟಬೇಡಿ. ಬೂಸ್ಟ್ ಓವರ್‌ರೈಡ್ ಮೊದಲು 100, ಆಮೇಲೆ ಬೇಕಾದರೆ 200 ಮೆಗಾಹರ್ಟ್ಸ್.

ಇನ್ನು ಕರ್ವ್ ಆಪ್ಟಿಮೈಸರ್. ಇಲ್ಲೇ ಇರುವುದು ಸಾರ. ಆಲ್ ಕೋರ್ಸ್, ನೆಗೆಟಿವ್, 10. ಒಂದೊಂದು ಅಂಕೆಗೆ ಸುಮಾರು 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ವೋಲ್ಟೇಜ್ ಇಳಿದರೆ ಬಿಸಿ ಇಳಿಯುತ್ತದೆ, ಉಳಿದ ಜಾಗದಲ್ಲಿ ಚಿಪ್ ತಾನೇ ವೇಗ ಏರಿಸಿಕೊಳ್ಳುತ್ತದೆ. ಎಫ್10 ಒತ್ತಿ ಉಳಿಸಿ, ಪರೀಕ್ಷಿಸಿ. ಸರಿ ಇದ್ದರೆ 15, ಆಮೇಲೆ 20. 30ಕ್ಕೆ ಕೊನೆ. ಎಲ್ಲ ಚಿಪ್ಪೂ 30 ತಾಳುವುದಿಲ್ಲ. ಚಿಪ್ಪಿನಲ್ಲಿ ಒಳ್ಳೆಯ ಎರಡು ಕೋರುಗಳು (ರೈಝನ್ ಮಾಸ್ಟರ್‌ನಲ್ಲಿ ನಕ್ಷತ್ರದ ಗುರುತು ಇರುವಂಥವು) ಮೊದಲು ಬೀಳುತ್ತವೆ, ಏಕೆಂದರೆ ಎಲ್ಲಕ್ಕಿಂತ ಹೆಚ್ಚು ಓಡುವವು ಅವೇ. ಅವಕ್ಕೆ 10, ಉಳಿದವಕ್ಕೆ 20 ಎಂದು ಬೇರೆ ಬೇರೆ ಕೊಡಬಹುದು.

ಸಿನಿಬೆಂಚ್ ಪಾಸಾಯಿತು. ಆದರೆ ಯೂಟ್ಯೂಬ್ ನೋಡುವಾಗ ರೀಸ್ಟಾರ್ಟ್ ಆಗುತ್ತದೆ. ಇದೆಂಥ ವಿಚಿತ್ರ?

ವಿಚಿತ್ರವಲ್ಲ, ಕರ್ವ್ ಆಪ್ಟಿಮೈಸರಿನ ಗುಣವೇ ಅದು. ಭಾರಿ ಲೋಡಿನಲ್ಲಿ ಎಲ್ಲ ಕೋರುಗಳೂ ಮಿತಿಯೊಳಗೆ ಓಡುತ್ತವೆ. ಹಗುರ ಕೆಲಸದಲ್ಲಿ ಒಂದೇ ಕೋರು ತುತ್ತತುದಿಗೆ ಜಿಗಿಯುತ್ತದೆ, ಆ ಕ್ಷಣಕ್ಕೆ ವೋಲ್ಟೇಜ್ ಸಾಲದು. ಹೀಗಾಗಿ ಕೋರ್‌ಸೈಕ್ಲರ್ ಹಾಕಿ ಒಂದೊಂದೇ ಕೋರನ್ನು ಪರೀಕ್ಷಿಸಬೇಕು. ರಾತ್ರಿ ಮಲಗುವಾಗ ಹಚ್ಚಿ ಬಿಟ್ಟರೆ ಬೆಳಗ್ಗೆ ಯಾವ ಕೋರು ತಪ್ಪಿತೆಂದು ಬರೆದಿರುತ್ತದೆ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲೂ ಸುಳಿವಿದೆ: ವ್ಹಿಯಾ-ಲಾಗರ್, ಇವೆಂಟ್ 18, ಅದರೊಳಗೆ ಎಪಿಐಸಿ ಐಡಿ. 5600ರಂಥ 6 ಕೋರಿನ ಚಿಪ್ಪಿನಲ್ಲಿ ಆ ಸಂಖ್ಯೆಯನ್ನು 2ರಿಂದ ಭಾಗಿಸಿ. 6 ಇದ್ದರೆ ಕೋರ್ 3. (ಎಣಿಕೆ ಸೊನ್ನೆಯಿಂದ.) ಆ ಕೋರಿಗೆ ಮಾತ್ರ 5 ಅಂಕೆ ಸಡಿಲ ಬಿಡಿ (20 ಇದ್ದರೆ 15).

ನೀಲಿ ಪರದೆಯ ಮೇಲೆ ‘ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್’ ಅಥವಾ ‘ವ್ಹಿಯಾ ಅನ್‌ಕರೆಕ್ಟಬಲ್ ಎರರ್’ ಬಂದರೆ ಮೊದಲು ಪ್ರೊಸೆಸರಿನ ವೋಲ್ಟೇಜ್ ಮೇಲೆ ಅನುಮಾನ. ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದಿದ್ದರೆ ಎಕ್ಸ್‌ಎಂಪಿ ತೆಗೆದು ನೋಡಿ, ಮೆಮ್‌ಟೆಸ್ಟ್86 ಒಂದು ಪೂರ್ತಿ ಸುತ್ತು ಓಡಿಸಿ.

ಇಂಟೆಲ್ ಕೆ ಚಿಪ್ಪಿಗೆ?

ಬೋರ್ಡ್ ಕಂಪನಿಗಳು ಪವರ್ ಮಿತಿಯನ್ನು ಎಷ್ಟೋ ಸಲ 4095 ವ್ಯಾಟ್ ಎಂದು, ಅಂದರೆ ಮಿತಿಯೇ ಇಲ್ಲದಂತೆ, ಬಿಟ್ಟಿರುತ್ತವೆ. ಮೊದಲ ಕೆಲಸ ಅದನ್ನು ಹದ್ದುಬಸ್ತಿಗೆ ತರುವುದು: 12600ಕೆಗೆ ಪಿಎಲ್2 (ಬೂಸ್ಟ್ ಹೊತ್ತಿನ ಪವರ್ ಮಿತಿ) 150 ವ್ಯಾಟ್, 13600ಕೆಗೆ 181. ಮಲ್ಟಿಕೋರ್ ಎನ್‌ಹಾನ್ಸ್‌ಮೆಂಟ್ ಆಫ್. ನಂತರ ವೋಲ್ಟೇಜ್ ಆಫ್‌ಸೆಟ್ ಮೈನಸ್ 0.050ರಿಂದ ಶುರು. ಇಷ್ಟಕ್ಕೇ ಬೇಸಿಗೆ ಹಗುರಾಗುತ್ತದೆ.

ಅದರ ಮೇಲೂ ಏರಿಸಲೇಬೇಕೆಂದರೆ ಪಿ-ಕೋರ್ (ವೇಗದ ದೊಡ್ಡ ಕೋರು) ಮಲ್ಟಿಪ್ಲೈಯರ್ ಒಂದೊಂದೇ ಏರಿಸಿ, ಪ್ರತಿ ಹಂತಕ್ಕೂ ಹತ್ತು ನಿಮಿಷ ಸಿನಿಬೆಂಚ್. ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ತಡೆಯುವ ಲೋಡ್ ಲೈನ್ ಕ್ಯಾಲಿಬ್ರೇಷನ್ ನಡುವಿನ ಹಂತದಲ್ಲಿರಲಿ; ತುದಿಗೆ ಇಟ್ಟರೆ ಲೋಡ್ ಬಿಟ್ಟ ಕ್ಷಣ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ. ನಮ್ಮ ಸೆಕೆಯಲ್ಲಿ 1.30 ವೋಲ್ಟ್ ದಾಟುವುದು ನಮಗೆ ಸರಿ ಕಾಣುವುದಿಲ್ಲ.

13, 14ನೇ ಪೀಳಿಗೆಯವರಿಗೆ ಒಂದು ಮಾತು. ಹೆಚ್ಚಿನ ವೋಲ್ಟೇಜ್‌ನಿಂದ ಚಿಪ್ಪುಗಳು ಒಳಗೇ ಸವೆಯುತ್ತಿದ್ದುದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಮೈಕ್ರೋಕೋಡ್ (ಬಯೋಸ್ ಜೊತೆ ಬರುವ ಚಿಪ್ಪಿನ ಒಳ ಸೂಚನೆಗಳು) ಬಿಟ್ಟಿತು; ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಆ ಬಯೋಸ್ ಹಾಕದೆ ಓವರ್‌ಕ್ಲಾಕಿಂಗ್ ಹೆಸರೆತ್ತಬೇಡಿ.

ಪರೀಕ್ಷೆ ಎಷ್ಟು ಹೊತ್ತು, ಯಾವಾಗ?

ಮಧ್ಯಾಹ್ನ ಎರಡರಿಂದ ನಾಲ್ಕು, ಕ್ಯಾಬಿನೆಟ್ ಬಾಗಿಲು ಮುಚ್ಚಿ, ಎಸಿ ಬಂದ್. ಬೆಳಗಿನ ಜಾವದ ಪಾಸು ಪಾಸಲ್ಲ. ಓಸಿಸಿಟಿ (ಲೋಡ್ ಹಾಕಿ ಪರೀಕ್ಷಿಸುವ ತಂತ್ರಾಂಶ) ಒಂದು ತಾಸು, ಅದರ ಮೇಲೆ ನಿಮ್ಮ ನಿತ್ಯದ ಕೆಲಸ ಒಂದು ವಾರ. ಪ್ರೈಮ್95ರ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ ಯಾವ ನಿತ್ಯದ ಕೆಲಸವೂ ಕೊಡದಷ್ಟು ಬಿಸಿ ಕೊಡುತ್ತದೆ. ಮೇ ತಿಂಗಳಲ್ಲಿ ಅದನ್ನು ಬಿಟ್ಟುಬಿಡಿ. ಲೋಡಿನಲ್ಲಿ 85 ಡಿಗ್ರಿ ದಾಟಿದರೆ ಒಂದು ಹೆಜ್ಜೆ ಹಿಂದೆ.

ಸೇವ್ ಮಾಡಿದ ಮೇಲೆ ಸ್ಕ್ರೀನೇ ಬರುತ್ತಿಲ್ಲ.

ಎರಡು ನಿಮಿಷ ಕಾಯಿರಿ, ಬೋರ್ಡ್ ತಾನೇ ಎರಡು ಮೂರು ಸಲ ಪ್ರಯತ್ನಿಸಿ ಹಳೆ ಸೆಟ್ಟಿಂಗ್‌ಗೆ ಮರಳಬಹುದು. ಮರಳದಿದ್ದರೆ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ, ಬೋರ್ಡಿನ ಮೇಲೆ ಕ್ಲಿಯರ್ ಸಿಮಾಸ್ ಎಂಬ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಕೂಡಿಸಿ. ಪಿನ್ ಸಿಗದಿದ್ದರೆ ನಾಣ್ಯದಂಥ ಸಿಆರ್2032 ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಏನೂ ಸುಟ್ಟಿರುವುದಿಲ್ಲ, ಹೆದರಬೇಡಿ.

ಕರೆಂಟ್ ಹೋದ ಕೂಡಲೇ ಯುಪಿಎಸ್ ಕಿರುಚಿ ಬಂದ್ ಆಗುತ್ತದೆ. ಬ್ಯಾಟರಿ ಹೊಸದು.

600 ವಿಎ ಯುಪಿಎಸ್ ಸಾಮಾನ್ಯವಾಗಿ ಎಳೆಯುವುದು 360 ವ್ಯಾಟ್. ಪ್ರೊಸೆಸರ್ 95, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060 ಆದರೆ 170, ಬೋರ್ಡ್, ಫ್ಯಾನ್, ಡಿಸ್ಕ್ 50, ಮಾನಿಟರ್ 25, ಎಸ್‌ಎಂಪಿಎಸ್ ತಾನು ತಿನ್ನುವುದು ಬೇರೆ: 380 ದಾಟಿತು. ಹೆಸ್ಕಾಂ ಲೈನ್ ಇದ್ದಾಗ ತಿಳಿಯುವುದಿಲ್ಲ, ಹೋದಾಗ ತಿಳಿಯುತ್ತದೆ. 1000 ವಿಎ ಮೇಲಿನದು ಬೇಕು. ಮನೆಯ ಇನ್ವರ್ಟರ್ ಮೇಲೆ ಓಡಿಸುವವರು ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ. ಚೌಕ ಅಲೆಯ ಇನ್ವರ್ಟರ್‌ನಲ್ಲಿ ಒಳ್ಳೆಯ ಎಸ್‌ಎಂಪಿಎಸ್‌ಗಳು ಗುಂಯ್‌ಗುಡುತ್ತವೆ, ಸೈನ್ ವೇವ್ ಇದ್ದರೆ ಸರಿ. ಬಯೋಸ್ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು, ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈಹಾಕಬೇಡಿ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಅದು ಓವರ್‌ಕ್ಲಾಕಿಂಗ್ ದೋಷವಲ್ಲ, ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪ್ಯಾಸಿಟರ್‌ಗಳ ಸೋರಿಕೆಗೆ ಭೂಮಿಯ ದಾರಿ ಸಿಗದೆ ಡಬ್ಬಿಯ ಮೈಮೇಲೆ ನಿಂತಿರುತ್ತದೆ. ವೈರ್‌ಮನ್ ಕರೆಸಿ ಸರಿ ಮಾಡಿಸಿ, ಆಮೇಲೆ ಉಳಿದದ್ದು.

ನೀರಿನ ಕೂಲರನ್ನು ಕಂಪ್ಯೂಟರ್ ಕಡೆ ತಿರುಗಿಸಿ ಇಡಬಹುದೇ?

ಕೋಣೆ ತಂಪಾಗಲಿ, ಡಬ್ಬಿಗೆ ನೇರ ಬಡಿಯುವುದು ಬೇಡ. ಬೋರ್‌ವೆಲ್ ನೀರಿನ ಹನಿಯ ಜೊತೆ ಉಪ್ಪೂ ಬರುತ್ತದೆ; ಉಪ್ಪು, ಧೂಳು, ತೇವ ಮೂರೂ ಸೇರಿ ಬೋರ್ಡ್ ಮೇಲೆ ಹಸಿರು ಕಿಲುಬು ಏರಿಸುತ್ತವೆ. ಕಿಟಕಿ ತೆರೆದಿರಲಿ.

ವಾರಂಟಿ ಹೋಗುತ್ತದೆಯೇ? ಲ್ಯಾಪ್‌ಟಾಪ್‌ಗೆ ಮಾಡಬಹುದೇ? ಬಿಲ್ ಎಷ್ಟು ಏರುತ್ತದೆ?

ಇಂಟೆಲ್, ಎಎಂಡಿ ಎರಡರ ನಿಯಮದಲ್ಲೂ ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ವಾರಂಟಿ ಇಲ್ಲ; ಪಿಬಿಓ ಕೂಡ ಅದರಲ್ಲೇ ಸೇರಿದೆ. ಲ್ಯಾಪ್‌ಟಾಪ್‌ಗೆ ಬೇಡ, ಧೂಳು ತೆಗೆಸಿ ಪೇಸ್ಟ್ ಬದಲಿಸಿ. ಬಿಲ್ ಲೆಕ್ಕ: 50 ವ್ಯಾಟ್ ಹೆಚ್ಚು, ದಿನಕ್ಕೆ 8 ತಾಸು, 30 ದಿನ, 12 ಯೂನಿಟ್.

ಬೇಸಿಗೆಗೊಂದು, ಚಳಿಗಾಲಕ್ಕೊಂದು ಸೆಟ್ಟಿಂಗ್ ಇಡಬಹುದೇ?

ಇಡಬೇಕು. ಬಯೋಸ್‌ನಲ್ಲಿ ಪ್ರೊಫೈಲ್ ಉಳಿಸುವ ಜಾಗ ಇರುತ್ತದೆ. ಹೆಸರನ್ನು ಕನ್ನಡದಲ್ಲಿ ಬರೆಯಲು ಬಿಡುವುದಿಲ್ಲ, 1 ಮತ್ತು 2 ಎಂದಿಡಿ. ಒಂದರಲ್ಲಿ ಪಿಪಿಟಿ 76, ಬೂಸ್ಟ್ ಓವರ್‌ರೈಡ್ ಸೊನ್ನೆ, ಕರ್ವ್ ಮಾತ್ರ ನೆಗೆಟಿವ್. ಎರಡರಲ್ಲಿ 95 ಮತ್ತು 200. ಚಳಿ ಶಿವ ಶಿವ ಎಂದು ಹೋಗುವ ಶಿವರಾತ್ರಿಗೆ ಒಂದಕ್ಕೆ ಬನ್ನಿ, ಮಿರಗದ ಮಳೆ ಬಿದ್ದು ಕೋಣೆ 30ಕ್ಕೆ ಇಳಿದ ಮೇಲೆ ಎರಡಕ್ಕೆ ಹೋಗಿ. ಬಯೋಸ್ ಅಪ್‌ಡೇಟ್ ಮಾಡಿದರೆ ಎರಡೂ ಅಳಿಸಿ ಹೋಗಬಹುದು, ಹಾಗಾಗಿ ಆ ಪುಟಗಳ ಫೋಟೋ ಮೊಬೈಲ್‌ನಲ್ಲಿ ಇರಲಿ.